ಮೊದಲು ಹಕ್ಕುಪತ್ರ, ಆಮೇಲೆ ಹೋಂಸ್ಟೇ

ಕಾಡಂಚಿನ ಆದಿವಾಸಿಗಳ ಹಾಡಿಗೋ ಪೋಡಿಗೋ ಹೋಗಿ ಒಂದೆರಡು ರಾತ್ರಿ ಉಳಿದು ಬರುವುದು ಈಗ ಪುಣ್ಯದ ಕೆಲಸ ಎನಿಸಿಕೊಂಡಿದೆ. ಹೋದವರು ಕೊಟ್ಟ ದುಡ್ಡು ನೇರವಾಗಿ ಆದಿವಾಸಿಯ ಕೈ ಸೇರುತ್ತದಂತೆ, ಹಾಡು ಕುಣಿತ ಉಳಿಯುತ್ತವಂತೆ, ಹುಡುಗರು ಕಾಫಿ ತೋಟದ ಕೂಲಿಗೆ ಹೋಗುವುದು ತಪ್ಪುತ್ತದಂತೆ, ಪೇಟೆಯ ಮಕ್ಕಳಿಗೆ ಕಾಡಿನ ಪಾಠವೂ ಸಿಗುತ್ತದಂತೆ. ಇದನ್ನು ಸಮುದಾಯ ಆಧಾರಿತ ಪ್ರವಾಸೋದ್ಯಮ ಎನ್ನುತ್ತಾರೆ. ಪ್ರವಾಸ ಕಂಪನಿಗಳಷ್ಟೇ ಅಲ್ಲ, ಒಳ್ಳೆಯ ಮನಸ್ಸಿನ ಅನೇಕರೂ ಇದನ್ನು ನಂಬಿದ್ದಾರೆ. ಕೇಂದ್ರ ಸರ್ಕಾರವಂತೂ ತನ್ನ ನಂಬಿಕೆಯನ್ನು ಹಣ ತೆಗೆದಿಟ್ಟು ತೋರಿಸಿದೆ: 2024ರ ಅಕ್ಟೋಬರ್ 2ರಂದು ಶುರುವಾದ ಧರ್ತಿ ಆಬಾ ಅಭಿಯಾನದಲ್ಲಿ ಬುಡಕಟ್ಟು ಹಳ್ಳಿಗಳಿಗೆ 1,000 ಹೋಂಸ್ಟೇಗಳ ಗುರಿ ಇದೆ. ಹೊಸದಾಗಿ ಕಟ್ಟಲು 5 ಲಕ್ಷ ರೂಪಾಯಿವರೆಗೆ, ಇರುವ ಮನೆಯನ್ನು ಸಜ್ಜುಗೊಳಿಸಲು 3 ಲಕ್ಷದವರೆಗೆ ನೆರವು.

ಈ ನಂಬಿಕೆ ತಪ್ಪು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪ್ರವಾಸಿಗರು ಕೆಟ್ಟವರೆಂದಲ್ಲ, ಆದಿವಾಸಿಗಳು ಯಾರ ಕಣ್ಣಿಗೂ ಬೀಳದೆ ಇರಬೇಕೆಂದೂ ಅಲ್ಲ. ಕರ್ನಾಟಕದ ಕಾಡುಗಳಲ್ಲಿ ಈ ಜನರಲ್ಲಿ ಹೆಚ್ಚಿನವರಿಗೆ ತಾವು ನಿಂತ ನೆಲದ ಮೇಲೆ ಇನ್ನೂ ಅಧಿಕಾರ ಸಿಕ್ಕಿಲ್ಲ. ಯಾರು ಬರಬೇಕು, ಎಷ್ಟು ಜನ ಬರಬೇಕು, ಯಾವಾಗ ಬರಬಾರದು ಎಂದು ತೀರ್ಮಾನಿಸುವ ಮಾತೇ ಅವರದಲ್ಲ. ಬೇಡ ಎನ್ನಲಾಗದವರ ಮನೆಗೆ ಜನರನ್ನು ಕಳಿಸಿ ಅದನ್ನು ಸಮುದಾಯದ ಉದ್ಯಮ ಎಂದು ಕರೆಯುವುದು ಅನ್ಯಾಯ.

ಅಂಡಮಾನಿನಲ್ಲಿ ಜಾರವಾ ಜನರನ್ನು ರಸ್ತೆ ಬದಿ ಕುಣಿಸಿ ವಿಡಿಯೊ ಮಾಡಿದ ಸಂಗತಿ 2012ರಲ್ಲಿ ಹೊರಬಿದ್ದಾಗ ಇಡೀ ದೇಶ ತಲೆತಗ್ಗಿಸಿತು. ಆ ಉದಾಹರಣೆಯನ್ನು ನಾನು ಇಲ್ಲಿ ಆಯುಧ ಮಾಡಿಕೊಳ್ಳುವುದಿಲ್ಲ. ಸಮುದಾಯ ಪ್ರವಾಸದ ಪರ ಇರುವವರೂ ಅದನ್ನು ಖಂಡಿಸುತ್ತಾರೆ, ಮನಸ್ಸಿಟ್ಟೇ ಖಂಡಿಸುತ್ತಾರೆ. ನನ್ನ ತಕರಾರು ಅವರು ಒಳ್ಳೆಯದೆಂದು ಎತ್ತಿ ತೋರಿಸುವ ಮಾದರಿಯ ಮೇಲೆಯೇ.

ನಾಗರಹೊಳೆಯನ್ನೇ ನೋಡೋಣ. 1970ರ ದಶಕದಿಂದ ಈಚೆಗೆ ಜೇನು ಕುರುಬರನ್ನು, ಬೆಟ್ಟ ಕುರುಬರನ್ನು, ಯರವರನ್ನು ಅಲ್ಲಿಂದ ತಂಡ ತಂಡವಾಗಿ ಹೊರಗೆ ಹಾಕಲಾಯಿತು. ಕಬಿನಿ ಅಣೆಕಟ್ಟೆಯ ನೀರು ಒಂದು ಕಡೆಯಿಂದ ನುಗ್ಗಿತು, ವನ್ಯಜೀವಿ ಕಾಯ್ದೆ ಇನ್ನೊಂದು ಕಡೆಯಿಂದ. ಹಾಗೆ ಹೊರಬಿದ್ದವರಲ್ಲಿ ಬಹಳಷ್ಟು ಜನ ಕೊಡಗಿನ ತೋಟಗಳ ಲೈನ್ ಮನೆಗಳಲ್ಲಿ ಕೂಲಿಗಳಾಗಿ ಉಳಿದುಬಿಟ್ಟರು. ಹೈಕೋರ್ಟ್ ನೇಮಿಸಿದ ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ 3,418 ಕುಟುಂಬಗಳು ನೆಲೆ ಕಳೆದುಕೊಂಡವು ಎಂಬ ಲೆಕ್ಕವಿದೆ. ಪುನರ್ವಸತಿ ಶಿಫಾರಸುಗಳೂ ಇವೆ. ಅಸ್ಸಾದಿಯವರು 2025ರ ಜನವರಿಯಲ್ಲಿ ತೀರಿಕೊಂಡರು. ಅವರು ಅಷ್ಟು ಕಷ್ಟಪಟ್ಟು ಬರೆದ ಶಿಫಾರಸುಗಳು ಪೂರ್ಣವಾಗಿ ಜಾರಿಗೆ ಬರುವುದನ್ನು ನೋಡುವ ಭಾಗ್ಯ ಅವರಿಗೆ ಸಿಗಲಿಲ್ಲ.

ಅದೇ ಕಬಿನಿ ಹಿನ್ನೀರಿನ ದಡ ಇವತ್ತು ದೇಶದ ದುಬಾರಿ ಕಾಡುಪ್ರವಾಸದ ತಾಣಗಳಲ್ಲೊಂದು. ಒಂದು ರಾತ್ರಿಗೆ ಹತ್ತಾರು ಸಾವಿರ ರೂಪಾಯಿ ತೆಗೆದುಕೊಳ್ಳುವ ರೆಸಾರ್ಟುಗಳು ಅಲ್ಲಿವೆ. ಆ ಕಾಡಿನಲ್ಲಿ ಹುಟ್ಟಿದವರ ಮಕ್ಕಳು ಅಲ್ಲಿ ಪಾತ್ರೆ ತೊಳೆಯುತ್ತಾರೆ, ತೋಟ ನೋಡಿಕೊಳ್ಳುತ್ತಾರೆ, ಸಂಜೆ ಕ್ಯಾಂಪ್‌ಫೈರ್ ಸುತ್ತ ಕುಣಿಯುತ್ತಾರೆ. ಸ್ಥಳೀಯರಿಗೆ ಉದ್ಯೋಗ ಎಂಬ ಲೆಕ್ಕದಲ್ಲಿ ಅವರೂ ಸೇರಿರುತ್ತಾರೆ.

ಜನರನ್ನು ಹೊರಹಾಕಲು ಕೊಟ್ಟ ಕಾರಣ ಏನು? ಹುಲಿಗೆ ಮನುಷ್ಯರ ಸುಳಿವಿಲ್ಲದ ಜಾಗ ಬೇಕು ಎಂಬುದು. ಹಾಗಾದರೆ 2012ರಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಬೇಕು. ಹುಲಿ ಸಂರಕ್ಷಿತ ಪ್ರದೇಶಗಳ ಒಳವಲಯದಲ್ಲಿ ಪ್ರವಾಸ ಬೇಡ ಎಂದು ಸುಪ್ರೀಂ ಕೋರ್ಟ್ ಆ ವರ್ಷದ ಜುಲೈನಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ಮೂರು ತಿಂಗಳೂ ತುಂಬಲಿಲ್ಲ, ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿತು, ತಡೆ ತೆರವಾಯಿತು. ಒಳವಲಯದ ಶೇ 20ರವರೆಗಿನ ಭಾಗದಲ್ಲಿ ಪ್ರವಾಸ ನಡೆಸಬಹುದು ಎನ್ನುತ್ತದೆ ಆ ಮಾರ್ಗಸೂಚಿ. ಅದೇ ಪ್ರಾಧಿಕಾರ 2024ರ ಜೂನ್‌ನಲ್ಲಿ ರಾಜ್ಯಗಳಿಗೆ ಪತ್ರ ಬರೆದು, ದೇಶದ ಹುಲಿ ಪ್ರದೇಶಗಳ ಒಳವಲಯದಲ್ಲಿ ಇನ್ನೂ 591 ಹಳ್ಳಿಗಳೂ 64,801 ಕುಟುಂಬಗಳೂ ಉಳಿದಿವೆ, ಅವುಗಳ ಸ್ಥಳಾಂತರಕ್ಕೆ ಕಾಲಮಿತಿ ಹಾಕಿಕೊಳ್ಳಿ ಎಂದಿತು. ಜೀಪಿನಲ್ಲಿ ಬಂದು ಹೋಗುವವರಿಗೆ ಐದನೆಯ ಒಂದು ಪಾಲು ತೆರೆದಿರಬಹುದು, ತಲೆಮಾರುಗಳಿಂದ ಬಾಳಿದವರಿಗೆ ಒಂದು ಗುಡಿಸಲಿನಷ್ಟು ಜಾಗವೂ ಇರಬಾರದು. ಸಮುದಾಯ ಪ್ರವಾಸದ ಮಾತಾಡುವವರು ಈ ಒಂದು ಸಂಗತಿಗೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ.

ಆದಿವಾಸಿಗಳು ಇದನ್ನು ಮೊದಲೇ ಕಂಡುಕೊಂಡಿದ್ದರು. ನಾಗರಹೊಳೆಯ ಒಳಗೆ ಮೂರ್ಕಲ್ಲಿನಲ್ಲಿ ತಾಜ್ ಸಮೂಹದ ಗೇಟ್‌ವೇ ಹೋಟೆಲ್ಸ್‌ಗೆ ಸರ್ಕಾರ ಜಾಗ ಕೊಟ್ಟು ಲಾಡ್ಜ್ ಮಾಡಲು ಹೊರಟಾಗ, ಅದನ್ನು ಎದುರಿಸಿ ನಿಂತದ್ದು ಬೆಂಗಳೂರಿನ ಪರಿಸರವಾದಿಗಳ ಗುಂಪು ಮಾತ್ರವಲ್ಲ, ಹಾಡಿಯ ಜನರೇ ಕಟ್ಟಿದ ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿ. ಆ ಗುತ್ತಿಗೆ ಅರಣ್ಯ ಸಂರಕ್ಷಣಾ ಕಾಯ್ದೆಗೂ ವನ್ಯಜೀವಿ ಕಾಯ್ದೆಗೂ ವಿರುದ್ಧ ಎಂದು ಕರ್ನಾಟಕ ಹೈಕೋರ್ಟ್ 1997ರಲ್ಲಿ ಹೇಳಿತು. ಲಾಡ್ಜಿನ ಯೋಜನೆ ನಿಂತುಹೋಯಿತು. ಕಾಡನ್ನು ಉಳಿಸಿದ ಆ ಹೋರಾಟ ಆದಿವಾಸಿಗಳ ಖಾತೆಗೆ ಜಮೆಯಾಗಬೇಕಿತ್ತು. ಆಗಲಿಲ್ಲ. ಅದೇ ಹೊತ್ತಿಗೆ ವಿಶ್ವಬ್ಯಾಂಕ್ ನೆರವಿನ ಪರಿಸರಾಭಿವೃದ್ಧಿ ಯೋಜನೆ ಬಂತು. ಕಾಡಿನ ಮೇಲಿನ ಅವಲಂಬನೆ ಬಿಡಿ, ಬದಲಿ ಜೀವನೋಪಾಯ ಕೊಡುತ್ತೇವೆ ಎಂಬುದು ಅದರ ಭರವಸೆ. ಜನ ಅದನ್ನೂ ಒಪ್ಪದೆ 1998ರಲ್ಲಿ ಬ್ಯಾಂಕಿನ ತಪಾಸಣಾ ಮಂಡಳಿಗೆ ದೂರು ಕೊಟ್ಟರು. ಇವತ್ತಿನ ಹೋಂಸ್ಟೇ ಭರವಸೆ ಆ ಹಳೆಯ ಭರವಸೆಯ ಮುಂದುವರಿಕೆಯೇ. ಆಗಲೂ ಈಗಲೂ ಜನ ಕೇಳಿದ್ದು ಹಕ್ಕು, ಅವರ ಮುಂದೆ ಇಟ್ಟದ್ದು ಬದಲಿ ಕಸುಬು.

ಹೋಂಸ್ಟೇ ಮಾಡಲು ಏನೇನು ಬೇಕು ಎಂದು ಒಮ್ಮೆ ಎಣಿಸಿ ನೋಡಿ. ಹೆಸರಿನಲ್ಲಿ ದಾಖಲೆ ಇರುವ ಮನೆ ಬೇಕು. ಕರೆಂಟು, ನೀರು, ಶೌಚಾಲಯ, ಗಾಡಿ ಹೋಗುವ ದಾರಿ ಬೇಕು. ಮೊದಲ ಕೆಲವು ತಿಂಗಳು ಗಿರಾಕಿ ಇಲ್ಲದೆ ತಡೆದುಕೊಳ್ಳುವ ಬಂಡವಾಳ ಬೇಕು. ಕಾಡಿನೊಳಗಿನ ಎಷ್ಟೋ ಹಾಡಿಗಳಲ್ಲಿ ವಿದ್ಯುತ್ ಕಂಬ ನೆಡಲು ಇಲಾಖೆ ಒಪ್ಪುವುದಿಲ್ಲ, ಗೋಡೆ ಬಿದ್ದರೆ ಇಟ್ಟಿಗೆ ಸಾಗಿಸಲೂ ಅಪ್ಪಣೆ ಬೇಕು. ಅರಣ್ಯ ಹಕ್ಕು ಕಾಯ್ದೆಯ ಹಕ್ಕುಪತ್ರ ಸಿಕ್ಕವರ ಕಥೆಯೂ ಸುಲಭವಲ್ಲ. ಆ ಭೂಮಿಯನ್ನು ಮಕ್ಕಳಿಗೆ ಬಿಟ್ಟುಹೋಗಬಹುದು, ಪರಭಾರೆ ಮಾಡುವಂತಿಲ್ಲ. ಅದು ಸರಿಯಾದ ನಿಯಮವೇ, ಇಲ್ಲದಿದ್ದರೆ ಆ ನೆಲ ವರ್ಷದೊಳಗೆ ಬೇರೆಯವರ ಪಾಲಾಗುತ್ತಿತ್ತು. ಆದರೆ ಅದನ್ನು ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ಎತ್ತಲು ಆಗುವುದಿಲ್ಲ. ಹೀಗಿರುವಾಗ ಆದಿವಾಸಿ ಪ್ರವಾಸದ ಹೆಸರಿನಲ್ಲಿ ಹೋಂಸ್ಟೇ ಬೋರ್ಡು ತಗುಲಿಹಾಕುವವರು ಯಾರು? ದಾರಿ ಬದಿಯ ಜಮೀನಿನವರು, ತೋಟದವರು. ಹಾಡಿಯವರು ಅಲ್ಲಿ ಅಡಿಗೆಗೆ, ಕಸ ಗುಡಿಸುವುದಕ್ಕೆ, ಕುಣಿಯುವುದಕ್ಕೆ ಬರುತ್ತಾರೆ. ಹಾಡಿಯೊಳಗೇ ಯೋಜನೆ ಬಂದರೂ ಓದು ಬಲ್ಲ, ಮೊಬೈಲಿನಲ್ಲಿ ಬುಕಿಂಗ್ ನೋಡಬಲ್ಲ, ಇಲಾಖೆಯ ಜೊತೆ ಒಡನಾಟ ಇರುವ ಒಂದೆರಡು ಮನೆಗಳಿಗೆ ಅದು ದಕ್ಕುತ್ತದೆ. ವಿಧವೆಯೊಬ್ಬಳ ಗುಡಿಸಲಿಗೆ ಪ್ರವಾಸಿ ಬರುವುದಿಲ್ಲ, ಆದರೆ ಅವಳ ಅಂಗಳದ ಫೋಟೊ ಮಾತ್ರ ತೆಗೆಯುತ್ತಾನೆ.

ಈಗ ಸಂಸ್ಕೃತಿ ಉಳಿಯುತ್ತದೆ ಎಂಬ ವಾದಕ್ಕೆ ಬರುತ್ತೇನೆ. ನನಗೆ ಅತಿ ಹೆಚ್ಚು ನೋವು ಕೊಡುವ ವಾದ ಇದು.

ದಕ್ಷಿಣ ಕೊಡಗಿನ ದೇವರಪುರದಲ್ಲಿ ಮೇ ತಿಂಗಳಲ್ಲಿ ಕುಂಡೆ ಹಬ್ಬ ನಡೆಯುತ್ತದೆ. ಜೇನು ಕುರುಬರು, ಯರವರು ಹೆಣ್ಣಿನ ವೇಷ ಕಟ್ಟಿ, ಮೈಗೆ ಬಣ್ಣ ಬಳಿದು, ಸೋರೆಬುರುಡೆ, ಡಬ್ಬ ಬಡಿಯುತ್ತ ಊರೂರು ತಿರುಗಿ ಕಾಸು ಎತ್ತುತ್ತಾರೆ. ದೇವರನ್ನೇ ಬಾಯಿಗೆ ಬಂದಂತೆ ಬೈಯುತ್ತಾರೆ. ತಮ್ಮನ್ನು ಬೇಟೆಗೆ ಕರೆದುಕೊಂಡು ಬಂದ ಅಯ್ಯಪ್ಪ ಭದ್ರಕಾಳಿಯ ಮೋಹಕ್ಕೆ ಬಿದ್ದು ಕಾಡಿನ ನಡುವೆ ತಮ್ಮ ಕೈಬಿಟ್ಟ ಎಂಬುದು ಅವರ ಸಿಟ್ಟು. ವರ್ಷವಿಡೀ ತೋಟದಲ್ಲಿ ತಲೆತಗ್ಗಿಸಿ ದುಡಿದವರು ಆ ದಿನ ಯಾರನ್ನು ಬೇಕಾದರೂ ಬೈಯಬಹುದು. ಅಷ್ಟೂ ಬೈದು, ಕೊನೆಗೆ ಗುಡಿಯ ಮುಂದೆ ತಪ್ಪಾಯಿತು ಎಂದು ಕೈಮುಗಿಯುತ್ತಾರೆ. ಈ ಹಬ್ಬಕ್ಕೆ ಅದರದೇ ದಿನ ಇದೆ, ಕೇಳಿಸಿಕೊಳ್ಳಬೇಕಾದ ದೇವರಿದ್ದಾನೆ, ಬೈಸಿಕೊಳ್ಳಬೇಕಾದ ಒಡೆಯರಿದ್ದಾರೆ. ಬೇರೆ ದಿನ, ಬೇರೆಯವರ ಅಂಗಳದಲ್ಲಿ, ದುಡ್ಡು ಕೊಟ್ಟವರ ಎದುರು ಆಡಿದರೆ ಅದರ ಸಿಟ್ಟೂ ಇಲ್ಲ, ಬಿಡುಗಡೆಯೂ ಇಲ್ಲ. ರೆಸಾರ್ಟಿನ ಸಂಜೆ 7 ಗಂಟೆಯ ಬುಡಕಟ್ಟು ನೃತ್ಯದಲ್ಲಿ ಬೈಗುಳಕ್ಕೆ ಜಾಗವಿರುವುದಿಲ್ಲ. ನಲವತ್ತು ನಿಮಿಷಕ್ಕೆ ಕತ್ತರಿಸಿದ, ಯಾರಿಗೂ ನೋವಾಗದ, ಯಾರನ್ನೂ ಪ್ರಶ್ನಿಸದ ಕುಣಿತ ಮಾತ್ರ ಅಲ್ಲಿ ನಡೆಯುತ್ತದೆ. ಅದನ್ನು ಸಂಸ್ಕೃತಿಯ ಉಳಿವು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ಹಾನಿ ಇದಕ್ಕಿಂತ ಸೂಕ್ಷ್ಮವಾದದ್ದು. ಪ್ರವಾಸಿಗೆ ಬೇಕಾಗಿರುವುದು ಹುಲ್ಲಿನ ಮಾಡು, ಮಣ್ಣಿನ ಗೋಡೆ, ಸೀಮೆಎಣ್ಣೆ ದೀಪ. ತಗಡಿನ ಚಾವಣಿ, ಡಿಶ್ ಆಂಟೆನಾ ಕಂಡರೆ ಅವನ ಮುಖ ಸಪ್ಪಗಾಗುತ್ತದೆ. ಹಾಡಿಯ ಬಡತನವೇ ಹಾಡಿಯ ಆಕರ್ಷಣೆಯಾದಾಗ, ಅಲ್ಲಿಗೆ ಕರೆಂಟು ಬರದಿರುವುದರಲ್ಲಿ ಯಾರಿಗೋ ಲಾಭ ಹುಟ್ಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಸೋರುವ ಮಾಡಿನ ಕೆಳಗೆ ಮಗುವನ್ನು ಮಲಗಿಸುವ ತಾಯಿಗೆ ಆ ಹುಲ್ಲಿನ ಮಾಡಿನ ಚೆಲುವು ಹೇಳಿಕೊಡಲು ಯಾರಿಗೂ ಅಧಿಕಾರವಿಲ್ಲ.

ಹಾಗಾದರೆ ಅವರು ಉಪವಾಸ ಇರಬೇಕೇ ಎಂದು ಕೇಳುತ್ತಾರೆ. ಹಾಡಿಯ ಹುಡುಗರೇ ಗೈಡ್ ಕೆಲಸ ಕೊಡಿ, ಜೀಪು ಓಡಿಸಲು ಬಿಡಿ ಎಂದು ಕೇಳುತ್ತಿರುವಾಗ ನೀನು ಅಡ್ಡ ಬರುವುದು ಯಾವ ನ್ಯಾಯ ಎನ್ನುತ್ತಾರೆ. ಇದು ಗಟ್ಟಿ ಪ್ರಶ್ನೆ. ಆ ಹುಡುಗರು ಕೇಳುವುದು ಖಂಡಿತ ಸರಿ. ಹಕ್ಕಿಯ ದನಿ ಕೇಳಿಯೇ ಹೆಸರು ಹೇಳಬಲ್ಲ ಸೋಲಿಗ ಯುವಕನಿಗಿಂತ ಒಳ್ಳೆಯ ಗೈಡ್ ಯಾವ ತರಬೇತಿ ಸಂಸ್ಥೆಯಿಂದಲೂ ಬರುವುದಿಲ್ಲ. ಆ ಕೆಲಸಕ್ಕೆ ನನ್ನ ವಿರೋಧವಿಲ್ಲ. ಆದರೆ ಅವರು ಉಪವಾಸ ಬೀಳುವ ಸ್ಥಿತಿ ಬಂದದ್ದು ಹೇಗೆ ಎಂಬುದನ್ನು ಬಿಟ್ಟು ಪರಿಹಾರದಿಂದಲೇ ಮಾತು ಶುರು ಮಾಡುವುದನ್ನು ವಿರೋಧಿಸುತ್ತೇನೆ.

ಉದಾಹರಣೆಗೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಕಾಯಿ, ಸೀಗೆ, ಅಂಟುವಾಳ, ಮರದ ಪಾಚಿ ಕೂಡಿಸಿ ಲ್ಯಾಂಪ್ಸ್ ಎಂಬ ಬುಡಕಟ್ಟು ಸಹಕಾರ ಸೊಸೈಟಿಗೆ ಕೊಟ್ಟು ಮನೆ ನಡೆಸುತ್ತಿದ್ದರು. 1974ರಲ್ಲಿ ಬೆಟ್ಟ ಅಭಯಾರಣ್ಯವಾದಾಗ ಅವರ ಕುಮರಿ ಬೇಸಾಯ ನಿಂತಿತ್ತು, ಪೋಡುಗಳನ್ನು ರಸ್ತೆ ಬದಿಗೆ ತಂದು ಕೂರಿಸಲಾಗಿತ್ತು. 2002ರ ವನ್ಯಜೀವಿ ಕಾಯ್ದೆ ತಿದ್ದುಪಡಿಯನ್ನು ಹಿಡಿದುಕೊಂಡು 2006ರಲ್ಲಿ ಕಿರು ಅರಣ್ಯ ಉತ್ಪನ್ನದ ಸಂಗ್ರಹಕ್ಕೂ ತಡೆ ಬಿತ್ತು. ಒಂದು ಸಹಿಯಿಂದ ಸಾವಿರಾರು ಮನೆಗಳ ವರ್ಷದ ಆದಾಯದ ದೊಡ್ಡ ಪಾಲು ಹೋಯಿತು. ಗಂಡಸರು ಹೆಂಗಸರು ಕೊಡಗಿಗೆ, ಕೇರಳಕ್ಕೆ, ತಮಿಳುನಾಡಿಗೆ ಕೂಲಿಗೆ ಹೊರಟದ್ದು ಹೀಗೆ. ಆಮೇಲೆ ಸೋಲಿಗರು ಗ್ರಾಮಸಭೆಗಳಲ್ಲಿ ಕೂತು, ನಕ್ಷೆ ಬರೆದು, ಅರ್ಜಿ ಹಾಕಿ, 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಗೆದ್ದರು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ಮನ್ನಣೆ ಪಡೆದದ್ದು ದೇಶದಲ್ಲೇ ಅದು ಮೊದಲು. ಜನ ಕಾಡಿನಲ್ಲಿ ಉಳಿದರೆ ಹುಲಿ ಉಳಿಯುವುದಿಲ್ಲ ಎನ್ನುವವರು ಗಮನಿಸಬೇಕು: ಅದೇ ಬೆಟ್ಟದಲ್ಲಿ 2010ರಿಂದ 2014ರ ನಡುವೆ ಹುಲಿಗಳ ಅಂದಾಜು 35ರಿಂದ 68ಕ್ಕೆ ಏರಿತು.

ಈ ಹಕ್ಕನ್ನು ಗಟ್ಟಿ ಮಾಡಿದರೆ, ಜೇನಿಗೂ ನೆಲ್ಲಿಗೂ ನ್ಯಾಯದ ಬೆಲೆ ಸಿಗುವಂತೆ ಸೊಸೈಟಿಯನ್ನು ಬಲಪಡಿಸಿದರೆ, ಪೋಡಿನ ಪ್ರತಿ ಮನೆಗೂ ಆದಾಯವಿದೆ. ಹೋಂಸ್ಟೇ ಹಾಗಲ್ಲ, ಅದು ಕೆಲವರದು, ಅದೂ ಯಾರೋ ದೂರದಲ್ಲಿ ಕೂತು ರಜೆ ಯೋಜಿಸಿದರೆ ಮಾತ್ರ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಕಾಡುಪ್ರವಾಸ ಒಂದೇ ದಿನಕ್ಕೆ ಸೊನ್ನೆಯಾಯಿತು. ಜೇನುಹುಳು ಆ ಬೇಸಿಗೆಯಲ್ಲೂ ಗೂಡು ಕಟ್ಟಿತು.

ಸೋಲಿಗರ ತರಗು ಬೆಂಕಿಯ ವಿಚಾರ ಇನ್ನೂ ಕಟುವಾದದ್ದು. ಬೇಸಿಗೆ ಬಲಿಯುವ ಮೊದಲೇ ಒಣಗಿದ ತರಗೆಲೆಗೆ ಸಣ್ಣಗೆ ಬೆಂಕಿ ಕೊಟ್ಟು, ದೊಡ್ಡ ಕಾಡ್ಗಿಚ್ಚು ಬಾರದಂತೆ, ಕಳೆ ಹಬ್ಬದಂತೆ ನೋಡಿಕೊಳ್ಳುವ ಪದ್ಧತಿ ಅದು. ಅಭಯಾರಣ್ಯ ಆದಮೇಲೆ ಅದು ಅಪರಾಧವಾಯಿತು. ಅದು ನಿಂತಮೇಲೆಯೇ ಲಂಟಾನ ಬೆಟ್ಟವನ್ನೆಲ್ಲ ನುಂಗಿತು ಎಂದು ಹಿರಿಯ ಸೋಲಿಗರು ಹೇಳುತ್ತಾರೆ, ಅವರ ಜೊತೆ ಕೆಲಸ ಮಾಡಿದ ಸಂಶೋಧಕರೂ ಅದನ್ನು ಬರೆದಿದ್ದಾರೆ. ಇವತ್ತು ಪ್ರಕೃತಿ ನಡಿಗೆಗೆ ಬಂದವರಿಗೆ ಸೋಲಿಗ ಗೈಡ್ ಆ ತರಗು ಬೆಂಕಿಯ ಕಥೆ ಹೇಳಬಹುದು, ಬಂದವರು ಬೆರಗಿನಿಂದ ಕೇಳಬಹುದು. ಅವನು ಒಂದು ಕಡ್ಡಿ ಗೀರಿದರೆ ಮಾತ್ರ ಕೇಸು ಬೀಳುತ್ತದೆ. ಜ್ಞಾನವನ್ನು ಬಾಳಲು ಬಿಡದೆ ಬರೀ ಹೇಳಲು ಬಿಡುವ ಈ ವ್ಯವಸ್ಥೆಯನ್ನು ಗೌರವ ಎಂದು ಕರೆಯುವವರ ಜೊತೆ ನಾನು ಯಾವ ಕಾರಣಕ್ಕೂ ಸೇರಲಾರೆ.

ಸಮುದಾಯ ಪ್ರವಾಸದ ಗೆಲುವಿಗೆ ಪೆರು ದೇಶದ ಟಾಕೀಲೆ ದ್ವೀಪವನ್ನು ಹೆಸರಿಸುವುದು ರೂಢಿ. ಟಿಟಿಕಾಕಾ ಸರೋವರದ ನಡುವಿನ ಆ ದ್ವೀಪದಲ್ಲಿ ಕೆಚುವಾ ಭಾಷೆಯಾಡುವ ಎರಡು ಸಾವಿರದಷ್ಟು ಜನರಿದ್ದಾರೆ. ಅವರ ನೇಯ್ಗೆಗೆ 2005ರಲ್ಲಿ ಯುನೆಸ್ಕೊ ಮನ್ನಣೆಯೂ ಸಿಕ್ಕಿತು. 1970ರ ದಶಕದ ಕೊನೆಗೆ ಪ್ರವಾಸಿಗರು ಬರತೊಡಗಿದಾಗ ಅವರು ತಾವೇ ದೋಣಿ ಮಾಡಿಕೊಂಡರು, ಪ್ರಯಾಣದ ದರ ತಾವೇ ಕಟ್ಟಿದರು, ಬಂದವರನ್ನು ಸರದಿಯ ಮೇಲೆ ಮನೆಮನೆಗೆ ಹಂಚಿದರು, ಬಟ್ಟೆಯನ್ನು ಒಂದೇ ಅಂಗಡಿಯಲ್ಲಿ ಒಂದೇ ಬೆಲೆಗೆ ಮಾರಿದರು. ನೆಲ ಅವರದಾಗಿತ್ತು, ದೋಣಿಯೂ ಅವರದಾಗಿತ್ತು. ಅದಕ್ಕೇ ಅದು ನಡೆಯಿತು. 1990ರ ದಶಕದಲ್ಲಿ ಮುಕ್ತ ಮಾರುಕಟ್ಟೆಯ ಕಾನೂನು ಬಂದು, ದೋಣಿ ಓಡಿಸುವ ಏಕಸ್ವಾಮ್ಯ ಯಾರಿಗೂ ಇರಬಾರದು ಎಂದಾಯಿತು. ಎದುರು ದಡದ ಪೂನೊ ಪಟ್ಟಣದ ಏಜೆನ್ಸಿಗಳು ವೇಗದ ದೋಣಿ ತಂದವು. ಬಂದವರು ಕೆಲವು ಗಂಟೆ ನಿಂತು, ಊಟ ಮಾಡಿ, ಫೋಟೊ ತೆಗೆದು, ಅದೇ ದೋಣಿಯಲ್ಲಿ ಮರಳತೊಡಗಿದರು. ದೊಡ್ಡ ದುಡ್ಡು ಪಟ್ಟಣದಲ್ಲೇ ನಿಂತಿತು. ಜನ ಅದೇ, ದ್ವೀಪ ಅದೇ, ಕುಶಲತೆ ಅದೇ. ಒಡೆತನದ ಒಂದು ಎಳೆ ಕೈತಪ್ಪಿದ್ದಕ್ಕೆ ಇಷ್ಟೂ ಆಯಿತು. ಪನಾಮಾದ ಗುನಾ ಜನ ಈ ವಿಷಯದಲ್ಲಿ ಗಟ್ಟಿಯಾಗಿ ನಿಂತಿದ್ದಾರೆ. 1925ರಲ್ಲಿ ದಂಗೆಯೆದ್ದು ಸ್ವಾಯತ್ತತೆ ಗಳಿಸಿದ ಅವರು ತಮ್ಮ ದ್ವೀಪಗಳಲ್ಲಿ ಹೊರಗಿನವರು ಹೋಟೆಲ್ ಹೊಂದಲು ಬಿಡುವುದಿಲ್ಲ. ಅಲ್ಲಿ ಮೊದಲು ಬಂದದ್ದು ಅಧಿಕಾರ, ಪ್ರವಾಸಿ ಬಂದದ್ದು ಬಹಳ ವರ್ಷಗಳ ನಂತರ.

ನಮ್ಮಲ್ಲಿ ಆ ಕ್ರಮವನ್ನು ತಿರುಗುಮುರುಗು ಮಾಡಲಾಗುತ್ತಿದೆ. ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶವೇ ಇಲ್ಲ, ಆದ್ದರಿಂದ ಅಂಥ ಪ್ರದೇಶದ ಗ್ರಾಮಸಭೆಗಳಿಗೆ ಅಧಿಕಾರ ಕೊಡುವ ಪೆಸಾ ಕಾಯ್ದೆಯ ರಕ್ಷಣೆ ಇಲ್ಲಿನ ಆದಿವಾಸಿಗೆ ಇಲ್ಲ. ಅವರ ಕೈಯಲ್ಲಿರುವ ಗಟ್ಟಿ ಆಧಾರ 2006ರ ಅರಣ್ಯ ಹಕ್ಕು ಕಾಯ್ದೆ ಒಂದೇ. ಗ್ರಾಮಸಭೆಗೆ ಕಾಡನ್ನು ಕಾಯುವ, ನಿರ್ವಹಿಸುವ ಅಧಿಕಾರ ಅದರಲ್ಲಿದೆ. ಹಕ್ಕಿನ ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಒಕ್ಕಲೆಬ್ಬಿಸಬಾರದು ಎಂಬ ಮಾತೂ ಇದೆ. ಆ ಕಾಯ್ದೆಯಡಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ 52 ಜೇನು ಕುರುಬ ಕುಟುಂಬಗಳು 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರುಕೊಲ್ಲಿಗೆ ನಡೆದುಕೊಂಡೇ ಹಿಂತಿರುಗಿ, ತಮ್ಮ ಹಿರಿಯರ ಹಾಡಿ ಇದ್ದಲ್ಲಿ ಟಾರ್ಪಾಲು ಕಟ್ಟಿ ಕೂತವು. ಅವರನ್ನು ಎದುರುಗೊಂಡದ್ದು ಅರಣ್ಯ ಇಲಾಖೆಯ ಸಿಬ್ಬಂದಿ ಮತ್ತು ಪೊಲೀಸರು. ಅದೇ ಕಾಡಿನಲ್ಲಿ ಸಫಾರಿಗೆ ಬಂದವರಿಗೆ ಸ್ವಾಗತ ಸಿಗುತ್ತಿತ್ತು.

ಪ್ರವಾಸ ಹೊರಡುವವರು ಕೇಳಬೇಕಾದ ಪ್ರಶ್ನೆಗಳು ಕಷ್ಟದವಲ್ಲ. ನಾನು ಮಲಗಲಿರುವ ಮನೆಯ ಹಕ್ಕುಪತ್ರ ಯಾರ ಹೆಸರಿನಲ್ಲಿದೆ? ಈ ಪ್ರವಾಸಕ್ಕೆ ಗ್ರಾಮಸಭೆ ನಿರ್ಣಯ ಮಾಡಿದೆಯೇ, ಮಾಡಿದ್ದರೆ ಇದೇ ಗ್ರಾಮಸಭೆ ಮುಂದಿನ ವರ್ಷ ಸಾಕು ಎಂದರೆ ನಿಲ್ಲುತ್ತದೆಯೇ? ಇವಕ್ಕೆ ನೇರ ಉತ್ತರ ಸಿಗದ ಕಡೆ ಹೋಗಬೇಡಿ. ನೀವು ಹೋಗದಿದ್ದರೆ ಹಾಡಿಯ ಹುಡುಗನೊಬ್ಬನ ಒಂದು ದಿನದ ಸಂಪಾದನೆ ತಪ್ಪಬಹುದು, ಅದು ನನಗೆ ಗೊತ್ತು, ಅದು ಸಣ್ಣ ನಷ್ಟವೂ ಅಲ್ಲ. ಆದರೂ ಹೇಳುತ್ತೇನೆ, ಹೋಗಬೇಡಿ. ನೀವು ಕೊಟ್ಟ ಆ ದುಡ್ಡನ್ನೇ ಮುಂದಿಟ್ಟುಕೊಂಡು, ಇವರಿಗೆ ಈಗ ಕಾಡಿನ ಹಕ್ಕು ಏಕೆ, ಪ್ರವಾಸದಿಂದ ಬದುಕುತ್ತಿದ್ದಾರಲ್ಲ ಎಂದು ನಾಳೆ ಕಚೇರಿಯಲ್ಲಿ ಷರಾ ಬರೆಯುವವರಿದ್ದಾರೆ.

ಸರ್ಕಾರ ಮಾಡಬೇಕಾದದ್ದೂ ಸ್ಪಷ್ಟ. ಧರ್ತಿ ಆಬಾ ಅಭಿಯಾನದಲ್ಲಿ ಹೋಂಸ್ಟೇಯ ಜೊತೆಗೇ ಅರಣ್ಯ ಹಕ್ಕು ಕಾಯ್ದೆಯ ಜಾರಿಗೂ ಹಣವಿದೆ. ಅರಣ್ಯ ಹಕ್ಕಿನ ಜಿಲ್ಲಾ ಮಟ್ಟದ ಸಮಿತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಜಿಲ್ಲೆಯ ಪ್ರವಾಸೋದ್ಯಮದ ಯೋಜನೆಗಳೂ ಅವರ ಮೇಜನ್ನು ಹಾದೇ ಹೋಗುತ್ತವೆ. ಮೈಸೂರು, ಕೊಡಗು, ಚಾಮರಾಜನಗರದ ಜಿಲ್ಲಾಧಿಕಾರಿಗಳು ಒಂದು ನಿಯಮ ಹಾಕಿಕೊಳ್ಳಲಿ: ಯಾವ ಹಾಡಿಯ, ಯಾವ ಪೋಡಿನ ಸಮುದಾಯ ಹಕ್ಕಿನ ಅರ್ಜಿ ಇತ್ಯರ್ಥವಾಗದೆ ಉಳಿದಿದೆಯೋ ಅದರ ಹೆಸರಿನಲ್ಲಿ ಬಂದ ಹೋಂಸ್ಟೇ ಪ್ರಸ್ತಾವಕ್ಕೆ ಸಹಿ ಹಾಕುವುದಿಲ್ಲ ಎಂದು. ತಿರಸ್ಕೃತವಾದ ಅರ್ಜಿಗಳಿಗೆ ಕಾರಣವನ್ನು ಕನ್ನಡದಲ್ಲಿ ಬರೆದು ಗ್ರಾಮಸಭೆಗೆ ಕಳಿಸಲಿ, ಮೇಲ್ಮನವಿಗೆ ಅವಕಾಶ ಕೊಡಲಿ. ಹಕ್ಕುಪತ್ರ ಕೈಗೆ ಬಂದಮೇಲೆ ಹಾಡಿಯವರು ತಮ್ಮ ಬಾಗಿಲು ತೆರೆಯುತ್ತಾರೋ ಮುಚ್ಚುತ್ತಾರೋ, ಅದನ್ನು ಅವರು ಕೂತು ಮಾತಾಡಿಕೊಳ್ಳಲಿ.